ಫೋಟೋ ಕೊಟ್ಟು ಸುಮ್ಮನೆ ಕೂತುಕೊಳ್ಳಿ

ಪ್ರಾಜೆಕ್ಟ್ ಬರೆದು ಮುಗಿಸಿ ಕೊನೆಗೆ ನಾಲ್ಕು ಫೋಟೋ ಅಂಟಿಸುವುದು ನಾವು ಓದುತ್ತಿದ್ದಾಗಿನ ರೂಢಿ. ಮಾನವ ಭೂಗೋಳ ಕಲಿಸುತ್ತಿದ್ದ ನಮ್ಮ ಟೀಚರ್ ಅದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ. "ಮೊದಲು ಫೋಟೋ ತೆಗೆಯಿರಿ. ಅದನ್ನು ಊರಿನವರ ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ" ಎನ್ನುತ್ತಿದ್ದರು. ಚಿತ್ರ ತೋರಿಸಿ ಮಾತಾಡಿಸುವ ಈ ಕ್ರಮದ ಬಗ್ಗೆ ಮಾನವಶಾಸ್ತ್ರಜ್ಞ ಜಾನ್ ಕಾಲಿಯರ್ 1957ರಲ್ಲೇ ಬರೆದಿದ್ದರು. ಕೆನಡಾದ ಅಧ್ಯಯನವೊಂದರಲ್ಲಿ ಮನೆಗಳನ್ನು ಹೇಗೆ ವಿಂಗಡಿಸಬೇಕೆಂದು ಸಂಶೋಧಕರಲ್ಲೇ ಒಮ್ಮತ ಬಾರದಾಗ ಅವರಿಗೆ ಹೊಳೆದ ದಾರಿ ಅದು.

ನಾವು ಆರಿಸಿಕೊಂಡದ್ದು ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ ಕಡೆಯ ನೀರಿನ ಸುರಂಗಗಳನ್ನು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ, ಒಬ್ಬಾಳು ನುಸುಳುವಷ್ಟೇ ಅಗಲದ ದಾರಿ. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಎಷ್ಟು ಕೋಲು ಉದ್ದ, ತೋಡಿದ್ದು ಯಾರು ಎಂದು ಕೇಳಿದರೆ ಒಂದೊಂದೇ ಮಾತಿನ ಉತ್ತರ. ಫೋಟೋ ಕೊಟ್ಟ ಮೇಲೆ ನಡೆದದ್ದೇ ಬೇರೆ. ಒಬ್ಬರು ಅಜ್ಜಿ ಅದನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ತೆಗೆದದ್ದು ಸುರಂಗದ ಬಾಯಿಯನ್ನು. ಅವರ ಬೆರಳು ಹೋಗಿ ನಿಂತದ್ದು ಮೂಲೆಯಲ್ಲಿದ್ದ, ಹುಲ್ಲು ಬೆಳೆದ ಮಣ್ಣಿನ ದಿಬ್ಬದ ಮೇಲೆ. "ಇದು ಒಳಗಿನ ಮಣ್ಣು ಮಗಾ. ಕಡಿದದ್ದು ಅವರು, ಹೊತ್ತು ಹಾಕಿದ್ದು ನಾನು." ಗಂಡಸರ ಸಾಹಸವೆಂದೇ ಎಲ್ಲರೂ ಬಣ್ಣಿಸುವ ಸುರಂಗದ ಹಿಂದೆ ಹೆಂಗಸರ ಬುಟ್ಟಿಗಳೂ ಇದ್ದವು ಎಂದು ಗೊತ್ತಾದದ್ದು ಹಾಗೆ. ನಮ್ಮ ವರದಿಯ ಜೀವವೇ ಆ ದಿಬ್ಬ.

ಕ್ಯಾಮೆರಾವನ್ನೇ ಊರಿನವರಿಗೆ ಕೊಡುವ ಕ್ರಮವೂ ಉಂಟು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರೊಂದಿಗೆ ಹಾಗೆ ಮಾಡಿದರು. ನಾವೂ ಮಾಡಿ ನೋಡಿದೆವು. ಅಜ್ಜಿಯ ಸೊಸೆ ಸುರಂಗದ ಕಡೆ ತಿರುಗಲೇ ಇಲ್ಲ. ಕೊಳವೆಬಾವಿಯ ಪೈಪಿನ ಫೋಟೋ ಮಾತ್ರ ತೆಗೆದುಕೊಟ್ಟರು. ಒಂದೇ ಮನೆಯೊಳಗೆ ನೀರಿನ ಎರಡು ಕಾಲ!

ಫೋಟೋಕ್ಕೆ ಒಪ್ಪಿಗೆ ಕೇಳುವ ವಿಷಯದಲ್ಲಿ ಟೀಚರ್ ಬಹಳ ಕಟ್ಟುನಿಟ್ಟು. ಅದು ಸರಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆ ನಮ್ಮದು. ಅಲ್ಲಿನ ಕಾಯಿಲೆಬಿದ್ದ ಮಕ್ಕಳ ಚಿತ್ರಗಳನ್ನು ಕಂಡೇ ಹೊರಗಿನವರು ಎಚ್ಚೆತ್ತರು, ನಿಜ. ಆದರೆ ಕ್ಯಾಮೆರಾ ಹಿಡಿದವರಿಗೆಲ್ಲ ಮಗುವನ್ನು ಮತ್ತೆ ಮತ್ತೆ ತೋರಿಸಬೇಕಾದ ತಾಯಿಯ ಸಂಕಟವನ್ನು ಯಾವ ಸಂಶೋಧನೆಯ ಹೆಸರಿನಲ್ಲೂ ಹೆಚ್ಚಿಸಬಾರದು.

ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ಹಾಕಿಸಿ ಕೊಡಿ. ಹಿಂಬದಿಯಲ್ಲಿ ತಾರೀಕು, ನಿಂತ ಜಾಗ, ಕ್ಯಾಮೆರಾ ತಿರುಗಿಸಿದ್ದ ದಿಕ್ಕು ಬರೆಯಿರಿ. ಮುಂದಿನ ಬ್ಯಾಚಿನವರು ಅಲ್ಲೇ ನಿಂತು ಮತ್ತೊಮ್ಮೆ ತೆಗೆಯಬಹುದು.