ಶೇಂಗಾ ನಡೆದಷ್ಟೇ ಊರು

ಮೆಲ್ಬರ್ನ್ ಟ್ರಾಮಿನಲ್ಲಿ ದೊಡ್ಡ ನಾಯಿಗೆ ಜಾಗವಿಲ್ಲ. ಪೆಟ್ಟಿಗೆಯಲ್ಲಿ ಹಿಡಿಸುವ ಪುಟ್ಟ ನಾಯಿಯಾದರೆ ಹತ್ತಿಸಬಹುದು; ನಮ್ಮ ಶೇಂಗಾಳನ್ನು ಹಿಡಿಸಲು ಬಟ್ಟೆಯ ಬೀರುವೇ ಬೇಕು. ಬಸ್ಸಿಗೂ ಇದೇ ನಿಯಮ. ನಗರದ ರೈಲಿನಲ್ಲಿ ಮಾತ್ರ ಕೊರಳಿಗೆ ಹಗ್ಗ, ಬಾಯಿಗೆ ಕುಕ್ಕೆ ಹಾಕಿ ಕರೆದೊಯ್ಯಲು ಅವಕಾಶವಿದೆ. ಕುಕ್ಕೆ ಕಂಡರೆ ಅವಳು ಸೋಫಾದ ಹಿಂದೆ ಸೇರುತ್ತಾಳೆ. ಹೀಗಾಗಿ ಅವಳು ಮನೆಗೆ ಬಂದ ಮೇಲೆ, ಐವತ್ತು ಲಕ್ಷ ಜನರಿರುವ ಈ ನಗರದಲ್ಲಿ ನನ್ನ ಪಾಲಿಗೆ ಉಳಿದಿರುವುದು ಅವಳು ನಡೆಯಲು ಒಪ್ಪುವಷ್ಟು ದೂರ ಮಾತ್ರ. ಆ ದೂರವೂ ದೊಡ್ಡದಲ್ಲ. ಆದರೆ ಅಷ್ಟರೊಳಗೆ ಇಷ್ಟೊಂದು ಇದೆಯೆಂದು ಮೊದಲು ನನಗೆ ಗೊತ್ತಿರಲಿಲ್ಲ.

ನಾವಿರುವುದು ಫಿಟ್ಜ್‌ರಾಯ್ ನಾರ್ತ್ ಎಂಬ ಬಡಾವಣೆಯಲ್ಲಿ, ನಗರದ ನಡುಭಾಗದಿಂದ ಸುಮಾರು 4 ಕಿಲೋಮೀಟರ್ ದೂರ. ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಹತ್ತೊಂಬತ್ತನೆಯ ಶತಮಾನದ ಸಾಲುಮನೆಗಳು, ಮುಂದೆ ಕಬ್ಬಿಣದ ಕುಸುರಿಯ ಪುಟ್ಟ ಪಡಸಾಲೆ, ಹಿಂದೆ ಕಪ್ಪುಕಲ್ಲು ಹಾಸಿದ ಓಣಿ. ಒಳಚರಂಡಿ ಬರುವ ಮೊದಲು ರಾತ್ರಿ ಹೊತ್ತು ಮಲದ ಗಾಡಿಗಳು ಓಡಾಡುತ್ತಿದ್ದದ್ದು ಈ ಹಿಂದಿನ ಓಣಿಗಳಲ್ಲೇ. ಈಗ ಅವುಗಳ ಗೋಡೆಗಳ ಮೇಲೆ ಚಿತ್ರ ಬಿಡಿಸುತ್ತಾರೆ, ಅದರ ಮುಂದೆ ಮದುವೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ಕಾರು ಹುಟ್ಟುವ ಮೊದಲೇ ಹುಟ್ಟಿದ ಬಡಾವಣೆಯಾದ್ದರಿಂದ ಬೇಕರಿ, ಔಷಧಿ ಅಂಗಡಿ, ಗ್ರಂಥಾಲಯ, ಶಾಲೆ, ಉದ್ಯಾನ ಎಲ್ಲವೂ ಕಾಲಳತೆಯಲ್ಲಿವೆ. 1885ರಿಂದ 1940ರವರೆಗೆ ಈ ನಗರದ ಬೀದಿಗಳಲ್ಲಿ ನೆಲದಡಿಯ ಉಕ್ಕಿನ ಹಗ್ಗ ಎಳೆಯುವ ಟ್ರಾಮುಗಳು ಓಡುತ್ತಿದ್ದವು. ಅದರಾಚೆ ಜನರಿಗೆ ಇದ್ದದ್ದು ಕಾಲುಗಳೇ.

ಇದು ತಾನಾಗಿ ಉಳಿದುಕೊಂಡ ಭಾಗ್ಯವೇನೂ ಅಲ್ಲ. 1969ರ ಸಾರಿಗೆ ಯೋಜನೆಯಲ್ಲಿ ಈ ಒಳಬಡಾವಣೆಗಳನ್ನು ಸೀಳಿಕೊಂಡು ಹೋಗುವ ಹೆದ್ದಾರಿಗಳ ಗೆರೆಗಳಿದ್ದವು. 1973ರಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಆಗಿನ ಮುಖ್ಯಮಂತ್ರಿ ರೂಪರ್ಟ್ ಹೇಮರ್ ಅವುಗಳಲ್ಲಿ ಬಹುಪಾಲನ್ನು ಕೈಬಿಟ್ಟರು. ಪೂರ್ವದ ಹೆದ್ದಾರಿ ಮಾತ್ರ ಬಂದೇ ಬಂತು. 1977ರಲ್ಲಿ ಅಲೆಕ್ಸಾಂಡ್ರಾ ಪರೇಡ್‌ನಲ್ಲಿ ನಿವಾಸಿಗಳು ಅಡ್ಡಗಟ್ಟಿ ನಿಂತರೂ ತಡೆಯಲಾಗಲಿಲ್ಲ. ಶೇಂಗಾಳೊಂದಿಗೆ ದಕ್ಷಿಣಕ್ಕೆ ಹೊರಟರೆ ನಮ್ಮ ನಡಿಗೆ ನಿಲ್ಲುವುದು ಆ ರಸ್ತೆಯಲ್ಲೇ. ಲಾರಿಗಳ ಸದ್ದಿಗೆ ಅವಳು ಹೆಜ್ಜೆ ಮುಂದಿಡುವುದಿಲ್ಲ. ಉಳಿದ ಹೆದ್ದಾರಿಗಳೂ ಬಂದಿದ್ದರೆ ನಮ್ಮ ಊರು ಇನ್ನೆಷ್ಟು ಚಿಕ್ಕದಾಗುತ್ತಿತ್ತು ಎಂದು ಅಲ್ಲಿ ನಿಂತಾಗ ಲೆಕ್ಕ ಹಾಕುತ್ತೇನೆ.

ಶೇಂಗಾ ಗ್ರೇಹೌಂಡ್. ಓಟದ ಪಂದ್ಯದಿಂದ ನಿವೃತ್ತಳಾದವಳು. ಬಣ್ಣ ಹುರಿದ ಶೇಂಗಾದ್ದು, ಅದಕ್ಕೇ ಆ ಹೆಸರು. ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರಗಳಿವೆ. ಪಂದ್ಯದ ನಾಯಿಗಳನ್ನು ಗುರುತಿಸುವುದು ಹಾಗೆ. ಆಸ್ಟ್ರೇಲಿಯಾದಲ್ಲಿ ನಾಯಿಪಂದ್ಯ ದೊಡ್ಡ ಜೂಜು. 2015ರಲ್ಲಿ, ಜೀವಂತ ಪ್ರಾಣಿಗಳನ್ನು ಕಟ್ಟಿ ನಾಯಿಗಳನ್ನು ಪಳಗಿಸುತ್ತಿದ್ದದ್ದು ಟಿವಿಯಲ್ಲಿ ಬಯಲಾದಾಗ ದೇಶವೇ ಬೆಚ್ಚಿತ್ತು. ಕ್ಯಾನ್‌ಬೆರಾ ಪ್ರದೇಶ 2018ರಲ್ಲಿ ಪಂದ್ಯ ನಿಲ್ಲಿಸಿತು. ವಿಕ್ಟೋರಿಯಾದಲ್ಲಿ ಅದು ಈಗಲೂ ನಡೆಯುತ್ತಿದೆ, ಹಾಗೆಯೇ ನಾಲ್ಕೈದು ವರ್ಷಕ್ಕೆ ಮುದುಕಿ ಎನಿಸಿಕೊಂಡು ಹೊರಬೀಳುವ ನಾಯಿಗಳೂ ಮನೆ ಹುಡುಕುತ್ತಿವೆ. ನಮ್ಮ ಬೀದಿಯಲ್ಲೇ ಅಂಥವು ಹಲವು ಇವೆ. ಈ ಬಡಾವಣೆಯವರಿಗೆ ಗ್ರೇಹೌಂಡ್ ಸಾಕುವುದು ಕರುಣೆಯೂ ಹೌದು, ಒಂದು ಬಗೆಯ ಫ್ಯಾಷನ್ನೂ ಹೌದು. ನಾಯಿಗೆ ಎರಡೂ ಒಂದೇ.

ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲ ಪ್ರಾಣಿಯನ್ನು ಅಂಗಳವಿಲ್ಲದ ಮನೆಯಲ್ಲಿ ಹೇಗೆ ಇಟ್ಟುಕೊಂಡಿದ್ದೀರಿ ಎಂದು ಊರಿನಿಂದ ಎಲ್ಲರೂ ಕೇಳುತ್ತಾರೆ. ಅವಳು ದಿನದ ಬಹುಭಾಗ ನಿದ್ದೆಯಲ್ಲಿರುತ್ತಾಳೆ. ಗ್ರೇಹೌಂಡ್ ದೇಹ ಅರ್ಧ ನಿಮಿಷದ ಓಟಕ್ಕೆಂದು ಒಗ್ಗಿದ್ದು. ಮಿಕ್ಕ ಹೊತ್ತು ಕಾಲು ಮೇಲೆತ್ತಿ ಬಿದ್ದುಕೊಳ್ಳುವುದೇ ಅದರ ಸ್ವಭಾವ. ಮನೆಗೆ ಬಂದಾಗ ಮೆಟ್ಟಿಲು ಹತ್ತುವುದು ಅವಳಿಗೆ ತಿಳಿದಿರಲಿಲ್ಲ, ಏಕೆಂದರೆ ಪಂದ್ಯದ ನಾಯಿಗಳ ಗೂಡಿನಲ್ಲಿ ಮೆಟ್ಟಿಲು ಇರುವುದಿಲ್ಲ. ನನ್ನ ಹೆಂಡತಿ ಒಂದೊಂದು ಮೆಟ್ಟಿಲಿಗೂ ಚೀಸ್ ತುಂಡು ಇಟ್ಟು ಕಲಿಸಿದಳು. ಈಗ ಚೀಸ್ ಇಲ್ಲದೆ ಹತ್ತಲು ಅವಳು ಸಿದ್ಧಳಿಲ್ಲ.

ನಾವು ಬಾಡಿಗೆದಾರರು. 2020ರ ಮಾರ್ಚ್‌ನಿಂದ ವಿಕ್ಟೋರಿಯಾದಲ್ಲಿ ಬಾಡಿಗೆದಾರ ಪ್ರಾಣಿ ಸಾಕಲು ಅರ್ಜಿ ಕೊಟ್ಟರೆ, ಬೇಡವೆನ್ನಬೇಕಾದ ಮಾಲೀಕ 14 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಬೆಂಗಳೂರಿನಲ್ಲಿ ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿಸಿಕೊಂಡೇ ಬಾಡಿಗೆ ಮನೆ ಹುಡುಕಿದ ನಮಗೆ ಈ ಕಾನೂನನ್ನು ಎರಡೆರಡು ಬಾರಿ ಓದಬೇಕೆನಿಸಿತು. ಇನ್ನು ನಗರಸಭೆಯ ನೋಂದಣಿ: ಚರ್ಮದಡಿ ಚಿಪ್ ಇರಬೇಕು, ಪ್ರತಿವರ್ಷ ಏಪ್ರಿಲ್ 10ರೊಳಗೆ ಶುಲ್ಕ ಕಟ್ಟಬೇಕು. ನಮ್ಮ ತೆರಿಗೆ ಲೆಕ್ಕಕ್ಕಿಂತ ನಾಯಿಯ ಕಾಗದಪತ್ರ ಅಚ್ಚುಕಟ್ಟಾಗಿದೆ.

ಬೆಳಗಿನ ನಡಿಗೆ ಎಡಿನ್‌ಬರೊ ಗಾರ್ಡನ್ಸ್ ಕಡೆಗೆ. ಎರಡೂ ಬದಿಗೆ ಎಲ್ಮ್ ಮರಗಳ ಸಾಲು. ಯುರೋಪು, ಅಮೆರಿಕಗಳಲ್ಲಿ ಈ ಮರಗಳನ್ನು ಕೋಟಿಗಟ್ಟಲೆ ಕೊಂದ ಶಿಲೀಂಧ್ರ ರೋಗ ಆಸ್ಟ್ರೇಲಿಯಾವನ್ನು ಇನ್ನೂ ಮುಟ್ಟಿಲ್ಲ, ಹಾಗಾಗಿ ಅಲ್ಲಿಯವರು ಬಂದು ತಲೆಯೆತ್ತಿ ನೋಡಿ ನಿಟ್ಟುಸಿರು ಬಿಡುವಂಥ ಮರಗಳು ಇಲ್ಲಿವೆ. ಶೇಂಗಾ ತಲೆಯೆತ್ತುವುದು ಬೇರೆ ಕಾರಣಕ್ಕೆ. ಮರದಲ್ಲಿ ಪಾಸಮ್‌ಗಳಿರುತ್ತವೆ: ಬೆಕ್ಕಿನ ಗಾತ್ರದ, ಪೊದೆಬಾಲದ, ರಾತ್ರಿ ತಿರುಗುವ ಪ್ರಾಣಿ. ಅವು ಹತ್ತದಿರಲೆಂದು ಹಲವು ಕಾಂಡಗಳಿಗೆ ತಗಡಿನ ಪಟ್ಟಿ ಸುತ್ತಿದ್ದಾರೆ. ಆದರೂ ಅವು ಹೇಗೋ ಹತ್ತಿರುತ್ತವೆ. ಸಂಜೆ ಒಂದು ಪಾಸಮ್ ಕಂಡರೆ ನಮ್ಮ ನಡಿಗೆ ಅಲ್ಲಿಗೆ ಮುಗಿಯಿತು. ಅವಳು ಮರದ ಬುಡದಲ್ಲಿ ಕಂಬವಾಗುತ್ತಾಳೆ, ನಾನು ಮೊಬೈಲ್ ತೆಗೆಯುತ್ತೇನೆ.

ಉದ್ಯಾನದ ಒಂದು ಭಾಗದಲ್ಲಿ ನಾಯಿಗಳನ್ನು ಬಿಚ್ಚಿ ಬಿಡಬಹುದು. ಲ್ಯಾಬ್ರಡಾರುಗಳು ಚೆಂಡಿನ ಹಿಂದೆ ಓಡುತ್ತವೆ, ಪುಟ್ಟ ಪೂಡಲ್‌ಗಳು ಒಂದನ್ನೊಂದು ಅಟ್ಟುತ್ತವೆ. ಇಡೀ ಮೈದಾನದಲ್ಲಿ ಎಲ್ಲರಿಗಿಂತ ವೇಗದವಳು ಮಾತ್ರ ಹಗ್ಗದಲ್ಲೇ ಇರಬೇಕು. ವಿಕ್ಟೋರಿಯಾದ ಕಾನೂನು ಗ್ರೇಹೌಂಡ್‌ಗೆ ಹೊರಗೆ ಹಗ್ಗ ಕಡ್ಡಾಯ ಮಾಡಿದೆ. 2019ಕ್ಕೆ ಮೊದಲು, ಮನೆಯಲ್ಲಿ ಸಾಕಿದ ಗ್ರೇಹೌಂಡ್‌ಗೂ ಬೀದಿಯಲ್ಲಿ ಕುಕ್ಕೆ ಹಾಕಬೇಕಿತ್ತು, ಅದು ರದ್ದಾಯಿತು. ರದ್ದಾದ ಕುಕ್ಕೆಯನ್ನು ರೈಲು ಹತ್ತಿಸಲು ಮತ್ತೆ ತೊಡಿಸಬೇಕು ಎಂಬುದು ಬೇರೆ ಮಾತು.

ಉದ್ಯಾನದೊಳಗೆ ಹಳೆಯ ರೈಲು ಹಳಿಯ ತುಂಡೊಂದಿದೆ. ಅದು ಒಳವರ್ತುಲದ ರೈಲು ಮಾರ್ಗದ ಒಂದು ಕವಲು. ಆ ಮಾರ್ಗದಲ್ಲಿ ಪ್ರಯಾಣಿಕರ ಓಡಾಟ 1948ರಲ್ಲಿ ನಿಂತಿತು, ಸರಕಿನ ಓಡಾಟ 1981ರಲ್ಲಿ. ಈಗ ಆ ಮಾರ್ಗ ಉದ್ದನೆಯ ಹಸಿರು ಪಟ್ಟಿ, ನಡುವೆ ಸೈಕಲ್ ದಾರಿ. ಪಕ್ಕದಲ್ಲೇ ಫಿಟ್ಜ್‌ರಾಯ್ ಫುಟ್‌ಬಾಲ್ ತಂಡದ ಹಳೆಯ ಮೈದಾನ. ತಂಡ 1996ರಲ್ಲಿ ಬ್ರಿಸ್ಬೇನ್‌ನೊಂದಿಗೆ ಸೇರಿ ಊರುಬಿಟ್ಟಿತು. ಮರದ ಗ್ಯಾಲರಿಯಲ್ಲಿ ಕೂತು ಆ ಕಥೆ ಹೇಳುವ ಅಜ್ಜನೊಬ್ಬರಿದ್ದಾರೆ. ನಾಯಿ ಇಲ್ಲದ ವರ್ಷಗಳಲ್ಲಿ ಅವರ ಪಕ್ಕದಿಂದಲೇ ಟ್ರಾಮಿಗೆ ಓಡುತ್ತಿದ್ದೆನಂತೆ. ಅವರು ಹಾಗೆನ್ನುತ್ತಾರೆ, ನನಗೆ ನೆನಪಿಲ್ಲ.

ಅಂಗಡಿಗಳದ್ದು ಒಂದು ತೊಡಕು. ಕಾಫಿ ಅಂಗಡಿಯ ಹೊರಗಿನ ಮೇಜುಗಳ ಬಳಿ ನಾಯಿ ಇರಬಹುದು, ಒಳಗೆ ಬರುವಂತಿಲ್ಲ. ಬಾಗಿಲಲ್ಲಿ ನೀರಿನ ಬೋಗುಣಿ, ಗೋಡೆಯಲ್ಲಿ ಹಗ್ಗ ಸಿಕ್ಕಿಸುವ ಕೊಕ್ಕೆ. ಇಲ್ಲಿಯವರು ನಾಯಿ ಕಟ್ಟಿ ಒಳಗೆ ಹೋಗಿ ನಿಧಾನವಾಗಿ ದಿನಸಿ ತರುತ್ತಾರೆ. ನನ್ನಿಂದ ಆಗುವುದಿಲ್ಲ. ಒಬ್ಬರು ಒಳಗೆ, ಒಬ್ಬರು ಹೊರಗೆ. ಒಬ್ಬನೇ ಇದ್ದ ದಿನ ಕಿಟಕಿಯಿಂದ ಕೊಡುವ ಬೇಕರಿಯಲ್ಲಿ ಬ್ರೆಡ್ ಕೊಂಡು ಅಷ್ಟರಲ್ಲೇ ಊಟ ಮುಗಿಸುತ್ತೇವೆ. ಜೂನ್‌ನಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಕತ್ತಲು, ತೆಳು ಚರ್ಮದ ಅವಳಿಗೆ ಉಣ್ಣೆಯ ಕೋಟು. ಜನವರಿಯಲ್ಲಿ 40 ಡಿಗ್ರಿ ದಾಟಿದ ದಿನ ರಸ್ತೆಗೆ ಅಂಗೈ ಒತ್ತಿ ನೋಡಿ, ಸುಟ್ಟರೆ ರಾತ್ರಿ ಒಂಬತ್ತರ ನಂತರವೇ ಹೊರಡುವುದು. ಸೆಪ್ಟೆಂಬರಿನಲ್ಲಿ ಮ್ಯಾಗ್‌ಪೈ ಹಕ್ಕಿಗಳು ಮರಿಗಳ ಕಾವಲಿಗೆ ನಿಂತು ದಾರಿಹೋಕರ ತಲೆಗೆ ಎರಗುತ್ತವೆ. ಬೇಸಿಗೆಯಲ್ಲಿ ಮೆರ್ರಿ ಕ್ರೀಕ್ ಹಳ್ಳದ ದಂಡೆಗೆ ಇಳಿದರೆ ಟೈಗರ್ ಹಾವಿನ ಭಯ.

ನಮ್ಮ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಇರುವುದು ಟಾರ್ನೀಟ್, ಪಾಯಿಂಟ್ ಕುಕ್ ಕಡೆಗೆ, ಪಶ್ಚಿಮದ ಹೊಸ ಬಡಾವಣೆಗಳಲ್ಲಿ. ನಾಲ್ಕು ಕೋಣೆ, ಎರಡು ಕಾರಿನ ಗ್ಯಾರೇಜು, ಹಿಂದೆ ಹುಲ್ಲಿನ ಅಂಗಳ. ಈ ಇಕ್ಕಟ್ಟಿನ ಹಳೆಯ ಮನೆಗೆ ಅಷ್ಟು ಬಾಡಿಗೆ ಸುರಿಯುವುದೇಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾಲಕ್ಕೆ ಕೊಳೆಗೇರಿಯೆಂದು ಸರ್ಕಾರ ಒಡೆಯಲು ಹೊರಟಿದ್ದಂಥ ಸಾಲುಮನೆಗಳು ಇಂದು ಹತ್ತು ಲಕ್ಷ ಡಾಲರ್ ದಾಟಿವೆ. ಕಾಲ್ನಡಿಗೆಯಲ್ಲಿ ಬದುಕುವುದು ಇಲ್ಲಿ ಕಾರಿನಲ್ಲಿ ಬದುಕುವುದಕ್ಕಿಂತ ದುಬಾರಿ. ಶನಿವಾರದ ಹಬ್ಬದೂಟಗಳಿಗೆ ನಾವು ಮೊದಲಿನಷ್ಟು ಹೋಗುವುದಿಲ್ಲ. ಹೋದರೂ ಒಬ್ಬರು ಬೇಗ ಮರಳಬೇಕು. ಕನ್ನಡದಲ್ಲಿ ಕೂತು ಹರಟುವ ಸಂಜೆಗಳು ಕಡಿಮೆಯಾಗಿವೆ, ಅದನ್ನು ಎಲ್ಮ್ ಮರಗಳು ತುಂಬಿಕೊಡುವುದಿಲ್ಲ.

ಅಪ್ಪ ಮುಧೋಳದ ಕಡೆಯವರು. ಅವರಿಗೆ ಶೇಂಗಾ ಪರಕೀಯಳಲ್ಲ. ಮುಧೋಳ ನಾಯಿಯೂ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಅದೇ ಉದ್ದ ಮೂತಿ, ಅದೇ ಸೊಂಟ. ಘೋರ್ಪಡೆ ಅರಸರು ಪೋಷಿಸಿದ ಆ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಅಜ್ಜನ ತೋಟದಲ್ಲಿ ಅಂಥ ಎರಡು ನಾಯಿಗಳಿದ್ದವಂತೆ, ಜೋಳದ ರೊಟ್ಟಿ ಹಾಲಿನಲ್ಲಿ ಬೆಳೆದವು. ಅವಳನ್ನು ಒಮ್ಮೆ ಊರಿಗೆ ಕರೆತಾ ಎಂದು ಅಪ್ಪ ಕೇಳುತ್ತಲೇ ಇದ್ದರು. ಹೋಗುವುದು ಸಾಧ್ಯ, ಮರಳುವುದು ಕಷ್ಟ: ರೇಬೀಸ್ ಭಯದಿಂದ ಭಾರತದಿಂದ ನೇರವಾಗಿ ನಾಯಿ ತರಲು ಆಸ್ಟ್ರೇಲಿಯಾ ಬಿಡುವುದಿಲ್ಲ, ಒಪ್ಪಿಗೆಯಿರುವ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ಹಾಗಾಗಿ ಅಪ್ಪ ಅವ್ವ ಇಬ್ಬರೂ ಈ ವರ್ಷ ಇಲ್ಲಿಗೇ ಬರುತ್ತಿದ್ದಾರೆ.

ಬೆಳಗಿನ ನಡಿಗೆ ತಮ್ಮದೇ ಎಂದು ಅಪ್ಪ ಈಗಲೇ ಹಕ್ಕು ಸಾಧಿಸಿದ್ದಾರೆ. ವಿಡಿಯೊ ಕರೆಯಲ್ಲಿ ನಿಯಮಗಳನ್ನು ಒಂದೊಂದಾಗಿ ಹೇಳಿದೆ. ಹಗ್ಗ ಬಿಡಬಾರದು, ಆಯಿತು ಎಂದರು. ಸೈಕಲ್ ದಾರಿಯಲ್ಲಿ ಎಡಕ್ಕೇ ನಡೆಯಬೇಕು, ಆಯಿತು. ಅವಳು ನಿಂತರೆ ಎಳೆಯಬಾರದು, "ಬೇಟೆ ನಾಯಿ ನಿಂತರೆ ಏನೋ ಕಂಡಿದೆ ಎಂದೇ ಅರ್ಥ, ನನಗೆ ಹೇಳಿಕೊಡಬೇಕೇ?" ಎಂದರು. ಕೊನೆಗೆ ಜೇಬಿನಲ್ಲಿ ಸದಾ ಪ್ಲಾಸ್ಟಿಕ್ ಚೀಲ ಇರಬೇಕು, ಅವಳು ಮಾಡಿದ್ದನ್ನು ಕೈಯಿಂದಲೇ ಎತ್ತಿ ತೊಟ್ಟಿಗೆ ಹಾಕಬೇಕು, ಬಿಟ್ಟು ಬಂದರೆ ದಂಡ ಎಂದೆ. ಅಪ್ಪ ಸ್ವಲ್ಪ ಹೊತ್ತು ಅವ್ವನ ಮುಖ ನೋಡಿದರು.

"ಹಾಗಾದರೆ ನೀನೂ ಜೊತೆಗೆ ಬಾ, ತಮ್ಮಾ. ಹಗ್ಗ ನಾನು ಹಿಡಿಯುತ್ತೇನೆ."