ಕೈ ಒಳಗಿಟ್ಕೋ ಕಣಪ್ಪಾ

ಆಷಾಢದಲ್ಲಿ ಮಗನ ಚಿಕಿತ್ಸೆಗೆ ಅಂತ ವೆಲ್ಲೂರಿಗೆ ಹೋದವರು ಕಾರ್ತೀಕದಲ್ಲಿ ವಾಪಸ್ ಬಂದೆವು. ಬಂದಾಗಿನಿಂದ ಫೋನಿನಲ್ಲಿ ಎಲ್ಲರದೂ ಒಂದೇ ಮಾತು. "ಅಂತೂ ಮನೆ ಸೇರಿದ್ರಲ್ಲ, ಇನ್ನೇನು ಮುಗೀತು ಬಿಡಿ." ಪ್ರೀತಿಯಿಂದಲೇ ಹೇಳುತ್ತಾರೆ. ನಾನೂ "ಹೂಂ, ದೇವರ ದಯೆ" ಅಂತ ಹೇಳಿ ಫೋನ್ ಇಡುತ್ತೇನೆ. ಆದರೆ ಬುಧವಾರ ನಮ್ಮ ಬಾಗಿಲಲ್ಲಿ ನಡೆದದ್ದು ಇವತ್ತಿಗೂ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಗ್ಯಾಸ್ ಸಿಲಿಂಡರ್ ಬಂದಿತ್ತು. ಬೆಲ್ ಆಯಿತು, ಅತ್ತೆ ಬಾಗಿಲು ತೆಗೆದರು. ಖಾಕಿ ಅಂಗಿಯ ಆತ ಸಿಲಿಂಡರ್ ಇಳಿಸಿ, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಬಿಲ್ ನೋಡುತ್ತಾ "ಒಟಿಪಿ ಹೇಳೀಮ್ಮಾ" ಅಂದರು. ನಾನು ಅಡುಗೆಮನೆಯಿಂದ ಫೋನ್ ಹಿಡಿದು ಬಂದೆ. ಅಷ್ಟರಲ್ಲಿ ನನ್ನ ಆರು ವರ್ಷದ ಮಗ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಹತ್ತಿ ಕೂತಾಗಿತ್ತು. ಅಂಗಿಯ ಎಡತೋಳನ್ನು ಮೊಣಕೈ ಮೇಲಿನವರೆಗೂ ಮಡಚಿದ್ದ. ಹೆಬ್ಬೆರಳು ಒಳಗೆ ಸೇರಿಸಿ ಮುಷ್ಟಿ ಬಿಗಿದಿದ್ದ. ಕೈ ಮುಂದಕ್ಕೆ ಚಾಚಿ, ಮುಖವನ್ನು ಗೋಡೆ ಕಡೆ ತಿರುಗಿಸಿ ಮೆಲ್ಲಗೆ ಎಣಿಸುತ್ತಿದ್ದ. ಒಂದು, ಎರಡು, ಮೂರು...

ಯಾರೂ ಮಾತಾಡಲಿಲ್ಲ. ಮೆಟ್ಟಿಲಿಳಿದು ಬರುತ್ತಿದ್ದ ಮೇಲಿನ ಮನೆ ಆಂಟಿಗೆ ಮೊದಲು ಗೊತ್ತಾಯಿತು. "ಅಯ್ಯೋ, ಎಷ್ಟು ಜಾಣ ನೋಡ್ರೀ! ನಮ್ಮ ಮೊಮ್ಮಗ ಸೂಜಿ ಅಂದ್ರೆ ಸಾಕು, ಬೀದಿಯೆಲ್ಲಾ ಓಡಿಸ್ತಾನೆ." ಅತ್ತೆಯೂ "ಹೇಳಿದ ಹಾಗೆ ಕೇಳ್ತಾನಮ್ಮ, ಬಂಗಾರದಂಥ ಮಗು" ಅಂದರು. ಸಿಲಿಂಡರ್ ತಂದವರು ಮಾತ್ರ ಪೆನ್ನನ್ನು ಜೇಬಿಗೆ ಇಟ್ಟುಬಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ಹೇಳಿದರು. "ನಾನು ಸಿಲಿಂಡರ್ ತಂದಿರೋದು ಕಣಪ್ಪಾ. ಕೈ ಒಳಗಿಟ್ಕೋ."

ಅವನು ಕೈ ಇಳಿಸಲಿಲ್ಲ. ಹತ್ತರವರೆಗೂ ಎಣಿಸಿ, ಆಮೇಲೆ ತಿರುಗಿ "ಆಯ್ತಾ?" ಅಂತ ಕೇಳಿದ.

ಅವನಿಗೆ ಥಲಸ್ಸೇಮಿಯಾ ಮೇಜರ್, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ. ಎಂಟು ತಿಂಗಳ ಕೂಸಾಗಿದ್ದಾಗಲೇ ಗೊತ್ತಾಯಿತು. ಆಗಿನಿಂದ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕಿತ್ತು. ಯಾರೋ ಗುರುತಿಲ್ಲದವರು ಕೊಟ್ಟ ರಕ್ತದಲ್ಲೇ ಅವನು ತೆವಳಿದ, ನಡೆದ, ಮಾತು ಕಲಿತ. ಆ ದಾನಿಗಳ ಮುಖ ನಾನು ನೋಡಿಲ್ಲ, ಅವರೆಲ್ಲರಿಗೂ ಕೈಮುಗಿಯುತ್ತೇನೆ. "ಯಾರ ಕಡೆಯಿಂದ ಬಂತು ಇದು?" ಅಂತ ನೆಂಟರು ಈಗಲೂ ಕೇಳುತ್ತಾರೆ. ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡೂ ಕಡೆಯಿಂದ. ನಾವಿಬ್ಬರೂ ವಾಹಕರು, ಇಬ್ಬರಿಗೂ ಒಂದು ದಿನವೂ ಏನೂ ಆಗಿರಲಿಲ್ಲ. ಹೀಗೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಎಚ್‌ಬಿಎ2 ಅನ್ನೋ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ನಮ್ಮ ಎರಡೂ ಮನೆಯಲ್ಲಿ ಆ ಹೆಸರನ್ನೇ ಯಾರೂ ಕೇಳಿರಲಿಲ್ಲ. ಮದುವೆ ಮಾತು ನಡೆಯುತ್ತಿರುವ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮಾಡಿಸಿ.

ಅವನು ಗುಣವಾಗಲು ನಮಗಿದ್ದ ದಾರಿ ಬೋನ್ ಮ್ಯಾರೋ ಕಸಿ, ಅಂದರೆ ಮೂಳೆಯೊಳಗೆ ರಕ್ತ ತಯಾರಿಸುವ ಮಜ್ಜೆಯನ್ನು ಇನ್ನೊಬ್ಬರಿಂದ ಪಡೆಯುವುದು. ಒಡಹುಟ್ಟಿದವರ ಮ್ಯಾರೋ ಹೊಂದುವ ಸಾಧ್ಯತೆಯೂ ನಾಲ್ಕರಲ್ಲಿ ಒಂದೇ. ನಮ್ಮ ಪುಣ್ಯ, ಅವನ ಅಕ್ಕನದು ಪೂರ್ತಿ ಹೊಂದಿತು. ಅವಳಿಗೆ ಹತ್ತು ವರ್ಷ. "ಬೆಂಗಳೂರಲ್ಲೇ ಎಲ್ಲಾ ಇರುವಾಗ ವೆಲ್ಲೂರು ಯಾಕೆ?" ಅಂತ ಇವರ ಚಿಕ್ಕಪ್ಪ ಹೋಗುವವರೆಗೂ ಬಂದ ಮೇಲೂ ವಾದ ಮಾಡಿದರು. ಇಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ, ನಿಜ. ಆದರೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು 1986ರಿಂದ ಈ ಕಸಿ ಮಾಡುತ್ತಿದ್ದಾರೆ, ನಮ್ಮ ಡಾಕ್ಟರೂ ಅಲ್ಲಿಗೇ ಬರೆದುಕೊಟ್ಟರು, ನಮಗೆ ಧೈರ್ಯ ಬಂದದ್ದೂ ಅಲ್ಲೇ. ಚಿಕ್ಕಪ್ಪನಿಗೆ ಇದನ್ನು ಮತ್ತೆ ಹೇಳುವ ತಾಳ್ಮೆ ನನಗೆ ಉಳಿದಿಲ್ಲ.

ಅಲ್ಲಿ ಕಳೆದ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯಲಾರೆ. ಮೊದಲು ಕೀಮೋ ಕೊಟ್ಟು ಅವನ ಮ್ಯಾರೋವನ್ನು ಪೂರ್ತಿ ಬರಿದು ಮಾಡಿದರು. ಆಮೇಲೆ ಅಕ್ಕನ ಸೊಂಟದ ಮೂಳೆಯಿಂದ ತೆಗೆದದ್ದನ್ನು ರಕ್ತ ಏರಿಸಿದ ಹಾಗೇ ಏರಿಸಿದರು. ಆಮೇಲೆ ಕಾಯುವುದು. ಎಎನ್‌ಸಿ, ಅಂದರೆ ಸೋಂಕು ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳ ಲೆಕ್ಕ, 500 ದಾಟಿ ಮೂರು ದಿನ ನಿಂತರೆ ಹೊಸ ಮ್ಯಾರೋ ಹಿಡಿಯಿತು ಅಂತ ಲೆಕ್ಕ. ಅಷ್ಟರಲ್ಲಿ ಬಾಯೆಲ್ಲಾ ಹುಣ್ಣು, ಉಗುಳು ನುಂಗುವುದೂ ಕಷ್ಟ. ಆಗಲೂ ಬಾಯಿ ಮುಕ್ಕಳಿಸು ಅಂದರೆ ಮುಕ್ಕಳಿಸುತ್ತಿದ್ದ, ನುಂಗು ಅಂದರೆ ನುಂಗುತ್ತಿದ್ದ. ಮಾತ್ರೆ ಬೇಡ ಅನ್ನಲು ಅಲ್ಲಿ ದಾರಿಯೇ ಇಲ್ಲ. ಅಕ್ಕನ ಕಣಗಳು ಇವನ ಮೈಮೇಲೇ ತಿರುಗಿ ಬೀಳದ ಹಾಗೆ ತಡೆಯುವುದು ಸೈಕ್ಲೋಸ್ಪೋರಿನ್. ಬೆಳಗ್ಗೆ ಎಂಟು, ರಾತ್ರಿ ಎಂಟು. ಹೇಳಿದ ಹಾಗೆ ಕೇಳಿದ್ದಕ್ಕೇ ಅವನು ಇವತ್ತು ನನ್ನ ಜೊತೆ ಇದ್ದಾನೆ. ಅದು ನನಗೆ ಚೆನ್ನಾಗಿ ಗೊತ್ತು.

ಅದಕ್ಕೇ ಮೇಲಿನ ಮನೆ ಆಂಟಿಯ ಮಾತು ನನ್ನನ್ನು ಇಷ್ಟು ಕಾಡುತ್ತಿದೆ. ಅವರು ಕೆಟ್ಟವರಲ್ಲ. ನಾವಿಲ್ಲದಾಗ ಮಗಳಿಗೆ ದಿನಾ ಸಂಜೆ ಏನಾದರೂ ತಿಂಡಿ ಕೊಟ್ಟಿದ್ದಾರೆ. ಆದರೆ ಒಂದು ಮಗು ಗುರುತಿಲ್ಲದ ಮನುಷ್ಯನಿಗೆ ಕೈ ಚಾಚಿ, ನೋವಿಗೆ ಕಾಯುತ್ತಾ ಕೂತಿದೆ. ಅದನ್ನು ನೋಡಿ ನಮಗೆ ಮೊದಲು ಬಂದ ಮಾತು 'ಜಾಣ'! ಸಿಲಿಂಡರ್ ತಂದವರು ಒಬ್ಬರೇ ಅವನಿಗೆ ಬೇಕಾದ ಮಾತು ಹೇಳಿದ್ದು. ನಾನು ಯಾರು, ಯಾತಕ್ಕೆ ಬಂದಿದ್ದೇನೆ, ನಿನ್ನ ಕೈ ನನಗೆ ಬೇಕಾಗಿಲ್ಲ ಅಂತ. ರಾತ್ರಿ ಮಲಗಿದಾಗಲೂ ಅದೇ ಕೇಳಿಸುತ್ತದೆ. ಕೈ ಒಳಗಿಟ್ಕೋ ಕಣಪ್ಪಾ.

ವಾಪಸ್ ಬರುವಾಗಲೇ ನನಗೆ ಇದರ ಸುಳಿವು ಸಿಕ್ಕಿತ್ತು. ವೆಲ್ಲೂರಿನ ಆಸ್ಪತ್ರೆಯ ನಮ್ಮ ವಾರ್ಡು ಇದ್ದದ್ದು ಹತ್ತಿರದ ರಾಣಿಪೇಟೆಯಲ್ಲಿ. ಅಲ್ಲಿಂದ ಹೊರಟು ಆಂಬೂರು, ಕೃಷ್ಣಗಿರಿ ದಾಟುವವರೆಗೂ ನಿದ್ದೆ ಮಾಡಿದ. ಅತ್ತಿಬೆಲೆಯಲ್ಲಿ ಎದ್ದ. ಕನ್ನಡ ಬೋರ್ಡು ನೋಡಿ ನನಗೆ ಕಣ್ಣು ತುಂಬಿ ಬಂತು. ಅವನು ಕೇಳಿದ್ದು, "ಅಮ್ಮಾ, ನಮ್ಮನೆ ರೂಮ್ ನಂಬರ್ ಎಷ್ಟು?" ನಾವು ಮನೆಗೆ ಮರಳುತ್ತಿದ್ದೆವು. ಅವನು ಇನ್ನೊಂದು ವಾರ್ಡಿಗೆ ಹೋಗುತ್ತಿದ್ದ.

ಈ ಮನೆಯೂ ಅವನಿಗೆ ಸುಲಭವಾಗಿಲ್ಲ. ಬೆಂಗಳೂರಿನ ಹನುಮಂತನಗರದಲ್ಲಿರುವ ನಮಗೆ ಪಕ್ಕದ ಬಸವನಗುಡಿಯ ಕಡಲೆಕಾಯಿ ಪರಿಷೆ ಅಂದರೆ ಮನೆಯ ಹಬ್ಬವೇ. ಈ ಸೋಮವಾರವೇ ಪರಿಷೆ, ಬುಲ್ ಟೆಂಪಲ್ ರಸ್ತೆ ತುಂಬಾ ಜನ. ನೋಡಲು ಬಂದವರೆಲ್ಲರ ಕೈಯಲ್ಲೂ ಕಡಲೆಕಾಯಿ ಚೀಲ. ಸಿಪ್ಪೆಗೆ ಮಣ್ಣು ಮೆತ್ತಿದ ಹಸಿ ಕಡಲೆಕಾಯಿ ಅವನ ಹತ್ತಿರವೂ ಬರುವ ಹಾಗಿಲ್ಲ, ಅದರಲ್ಲಿರುವ ಬೂಷ್ಟು ಈಗ ಅವನಿಗೆ ದೊಡ್ಡ ಅಪಾಯ. ದೇವನಹಳ್ಳಿಯ ದೊಡ್ಡಮ್ಮ ಚಕ್ಕೋತ ತಂದರು. ಅದೂ ಬೇಡ, ಆ ಹಣ್ಣು ತಿಂದರೆ ಸೈಕ್ಲೋಸ್ಪೋರಿನ್ ರಕ್ತದಲ್ಲಿ ಏರಿಬಿಡುತ್ತದೆ. ಒಬ್ಬೊಬ್ಬರಿಗೂ ವಿವರಿಸಬೇಕು. ಕೆಲವರು ಬೇಜಾರು ಮಾಡಿಕೊಂಡು ಹೋದರು. ಹೋಗಲಿ. ಅವನು ಮಾತ್ರ ಯಾವುದಕ್ಕೂ ಆಸೆ ಪಡಲಿಲ್ಲ. ಬೇಕು ಅನ್ನಲಿಲ್ಲ, ಯಾಕೆ ಬೇಡ ಅಂತಲೂ ಕೇಳಲಿಲ್ಲ. ಪರಿಷೆಯ ಪೀಪಿ ಸದ್ದು ಕಿಟಕಿಯವರೆಗೂ ಬರುತ್ತಿದ್ದರೆ ಆರು ವರ್ಷದ ಹುಡುಗ ಹಠ ಮಾಡಬೇಕಲ್ವಾ?

ಬುಧವಾರ ರಾತ್ರಿ ಮಗಳು ನನ್ನ ಪಕ್ಕ ಬಂದು ಮಲಗಿದಳು. ಅವಳೂ ಬಾಗಿಲ ಹತ್ತಿರ ನಿಂತು ಎಲ್ಲಾ ನೋಡಿದ್ದಳು. ತಮ್ಮನ ರಕ್ತದ ಗುಂಪು ಬಿ ಪಾಸಿಟಿವ್, ಇವಳದು ಓ. ಈಗ ಅವನ ರಕ್ತ ಹುಟ್ಟುವುದು ಇವಳ ಮ್ಯಾರೋದಿಂದ, ಹಾಗಾಗಿ ಇನ್ನು ಅವನೂ ನಿಧಾನವಾಗಿ ಓ ಆಗುತ್ತಾನೆ. ಅದನ್ನು ಕ್ಲಾಸಿನಲ್ಲೆಲ್ಲಾ ಹೇಳಿಕೊಂಡು ಬಂದಿದ್ದಾಳೆ. ಅವತ್ತು ಕತ್ತಲಲ್ಲಿ ಕೇಳಿದಳು. "ಅಮ್ಮಾ, ನಾನು ಬೇಡ ಅಂದಿದ್ರೆ ಏನು ಮಾಡ್ತಿದ್ರಿ?"

ವೆಲ್ಲೂರಿನಲ್ಲಿ ಡಾಕ್ಟರು ನಮ್ಮನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದ್ದರು. ನಿನಗೆ ಭಯ ಇದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ. ಆಗ ನನಗೆ ಅದು ಒಂದು ಕ್ರಮ ಅನ್ನಿಸಿತ್ತು. ಈಗ ಆ ಡಾಕ್ಟರ ಮೇಲೆ ಗೌರವ ಹೆಚ್ಚಾಗಿದೆ. ಬಂದವರೆಲ್ಲಾ ಅವಳನ್ನೂ ಹೊಗಳುತ್ತಾರೆ. ತಮ್ಮನಿಗೆ ಜೀವ ಕೊಟ್ಟ ತಾಯಿ, ದೇವತೆ ಅಂತ. ದೇವತೆ ಅನ್ನಿಸಿಕೊಂಡ ಹುಡುಗಿ ಸೊಂಟ ನೋಯುತ್ತೆ ಅಂತ ಯಾರ ಹತ್ತಿರ ಹೇಳಬೇಕು? "ನಿನ್ನನ್ನ ಮತ್ತೆ ಮತ್ತೆ ಕೇಳ್ತಿದ್ವಿ ಪುಟ್ಟಿ" ಅಂದೆ. ಅದು ನಿಜ. ಅವಳು "ಹೂಂ" ಅಂದಳು. ಅವಳಿಗೆ ಆ ಉತ್ತರ ಸಾಕಾದ ಹಾಗೆ ಕಾಣಲಿಲ್ಲ. ಇದನ್ನು ಇನ್ನೂ ಮಾತಾಡಬೇಕು, ಅವಳಿಗೆ ಬೇಕಾದಷ್ಟು ಸಲ.

ಗುರುವಾರ ಬೆಳಗ್ಗೆ ಮಗನನ್ನು ಕೂರಿಸಿಕೊಂಡು ಹೇಳಿದೆ. ಬೆಲ್ ಆದರೆ ಕೈ ಚಾಚಬೇಡ. ಯಾತಕ್ಕೆ ಬಂದಿದ್ದೀರಾ ಅಂತ ಕೇಳು. ಸೂಜಿಯವರು ಬರುವುದಿದ್ದರೆ ಹಿಂದಿನ ರಾತ್ರಿಯೇ ನಿನಗೆ ಹೇಳುತ್ತೇನೆ. ಈ ಮಾತನ್ನೂ ಅವನು ಅಷ್ಟೇ ವಿಧೇಯವಾಗಿ ಪಾಲಿಸುತ್ತಿದ್ದಾನೆ. ಕೊರಿಯರ್ ಹುಡುಗನಿಗೆ ಕೇಳಿದ, ಪೇಪರ್ ಬಿಲ್ಲಿನವರಿಗೆ ಕೇಳಿದ. ಮಾಸ್ಕ್ ಹಾಕಿಕೊಂಡು, ಬಾಗಿಲಿಂದ ದೂರ ನಿಂತು, ಗಟ್ಟಿಯಾಗಿ "ಯಾತಕ್ಕೆ ಬಂದಿದ್ದೀರಾ?" ನಿನ್ನೆ ಮೇಲಿನ ಮನೆ ಆಂಟಿಗೂ ಕೇಳಿದ. ಅವರ ಮುಖ ಚಿಕ್ಕದಾಯಿತು. "ಮಗೂಗೆ ಮಾತು ಜಾಸ್ತಿಯಾಯ್ತು" ಅಂತ ಅತ್ತೆಯ ಹತ್ತಿರ ಹೇಳಿದರಂತೆ. ಅತ್ತೆ ನನ್ನನ್ನು ನೋಡಿದರು. ನಾನು, ಇರಲಿ ಬಿಡಿ ಅತ್ತೆ, ಆಗಲಿ ಅಂದೆ.

ನಾಡಿದ್ದು ಸೋಮವಾರ ಸೈಕ್ಲೋಸ್ಪೋರಿನ್ ಮಟ್ಟ ನೋಡಲು ರಕ್ತ ತೆಗೆಯಬೇಕು. ಲ್ಯಾಬಿನ ಹುಡುಗಿ ಮನೆಗೇ ಬರುತ್ತಾಳೆ. ರಾಣಿಪೇಟೆಯ ವಾರ್ಡಿನಲ್ಲಿ ಒಬ್ಬರು ನರ್ಸ್ ಪ್ರತಿ ಸಲವೂ "ಯಾವ ಕೈ ತಂಬಿ?" ಅಂತ ಕೇಳಿ, ಅವನು ಹೇಳುವವರೆಗೂ ಕಾಯುತ್ತಿದ್ದರು. ಎಷ್ಟೇ ಕೆಲಸವಿದ್ದರೂ. ಈ ಹುಡುಗಿಗೂ ಫೋನಿನಲ್ಲಿ ಅದನ್ನೇ ಕೇಳಿಕೊಂಡೆ. "ಬೆಳಗ್ಗೆ ನಂಗೆ ತುಂಬಾ ಮನೆ ಇರುತ್ತೆ ಮೇಡಂ" ಅಂದಳು. ಆಮೇಲೆ ಒಪ್ಪಿದಳು. ಈ ಪರೀಕ್ಷೆಗೆ ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ಕೊಡಬೇಕು, ಮಾತ್ರೆ ಎಂಟಕ್ಕೆ. ಅದಕ್ಕೆ ಏಳೂವರೆಗೇ ಬರಲು ಹೇಳಿದ್ದೇನೆ. ಬೇಡ ಅನ್ನುವುದಿದ್ದರೆ ಅವನಿಗೂ ಅರ್ಧ ಗಂಟೆ ಇರಲಿ ಅಂತ.