ಎಡಗಡೆಯ ಹೆಡ್‌ಲೈಟ್ ಏಕೆ ಮಿನುಗುತ್ತಿತ್ತು

ಕಳೆದ ಮಳೆಗಾಲದ ಒಂದು ಮುಸ್ಸಂಜೆ ಆಗುಂಬೆ ಘಾಟಿಯನ್ನು ಇಳಿಯುತ್ತಿದ್ದಾಗ ನಮ್ಮ ಹಳೆಯ ಕಾರಿನ ಎಡಗಡೆಯ ಹೆಡ್‌ಲೈಟ್ ಗುಂಡಿ ಬಂದಾಗಲೆಲ್ಲ ಆರಿ, ತಾನಾಗಿಯೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆ ತಿರುವುಗಳಲ್ಲಿ ನಾನು ನಿಜಕ್ಕೂ ಹೆದರಿದ್ದೆ.

ಮನೆಗೆ ಬಂದು ಮೊದಲು ಎರಡೂ ಬಲ್ಬುಗಳನ್ನು, ಗಾಜಿಗೆ ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು, ಅದಲುಬದಲು ಮಾಡಿದೆ. ದೋಷ ಎಡಗಡೆಯಲ್ಲೇ ಉಳಿದುದರಿಂದ ಬಲ್ಬಿನ ಮೇಲಿನ ಅನುಮಾನ ಕಳೆಯಿತು. ಹೈ ಬೀಮ್, ಲೋ ಬೀಮ್ ಎರಡೂ ಒಟ್ಟಿಗೇ ಮಿನುಗುತ್ತಿದ್ದವು. ಈ ಕಾರಿನಲ್ಲಿರುವುದು ಎರಡೂ ಬೀಮ್‌ಗಳ ತಂತುಗಳು ಒಂದೇ ಗಾಜಿನೊಳಗಿರುವ ಎಚ್4 ಬಲ್ಬು; ಅದರಲ್ಲಿ ಎರಡೂ ತಂತುಗಳು ಹಂಚಿಕೊಳ್ಳುವುದು ಒಂದೇ ತುದಿಯನ್ನು, ನಮ್ಮ ಕಾರಿನಲ್ಲಿ ಅದು ಅರ್ಥ್ ತಂತಿಗೆ, ಅಂದರೆ ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ತಂತಿಗೆ, ಸೇರಿದೆ. ಹಾಗಾಗಿ ಅನುಮಾನ ಅದರ ಮೇಲೆ ಬಿತ್ತು.

ದೀಪ ಆರಿಸಿ, ವಿದ್ಯುತ್ ಅಳೆಯುವ ಮಲ್ಟಿಮೀಟರಿನಿಂದ ತಂತಿಯ ಸಂಪರ್ಕ ಪರೀಕ್ಷಿಸಿದಾಗ ಅರ್ಥ್ ಸರಿಯಾಗಿಯೇ ಇದ್ದಂತೆ ಕಂಡಿತು. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ, ಏಕೆಂದರೆ ಮೀಟರ್ ಹರಿಸುವ ಅತ್ಯಲ್ಪ ವಿದ್ಯುತ್ತಿಗೆ ಒಂದು ಎಳೆ ತಾಮ್ರವೂ ಸಾಕು, 55 ವ್ಯಾಟಿನ ಬಲ್ಬಿಗಾದರೋ 4 ಆಂಪಿಯರಿಗಿಂತ ಹೆಚ್ಚು ಬೇಕು. ದೀಪ ಹೊತ್ತಿಸಿಟ್ಟು, ಬ್ಯಾಟರಿಯ ಋಣ ತುದಿಗೂ ಹೋಲ್ಡರಿನ ಅರ್ಥ್ ತುದಿಗೂ ನಡುವೆ ಅಳೆದಾಗ 1.8 ವೋಲ್ಟ್ ತೋರಿಸಿತು, ಅಂದರೆ ಅಷ್ಟು ವೋಲ್ಟೇಜ್ ಅರ್ಥ್ ದಾರಿಯಲ್ಲೇ ಪೋಲಾಗುತ್ತಿತ್ತು; ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಇರಬಾರದು.

ಬ್ಯಾಟರಿಯ ಪಕ್ಕದಲ್ಲಿದ್ದ ಅರ್ಥ್ ಬೋಲ್ಟ್ ತುಕ್ಕು ಹಿಡಿದಿತ್ತು. ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಬೋಲ್ಟನ್ನೂ ಬಾಡಿಯ ತಗಡನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಮೀಟರ್ 0.1 ವೋಲ್ಟ್ ತೋರಿಸುತ್ತಿದೆ.